ಬೇಸಿಗೆಯಲ್ಲಿ ಬಾಗಿಲು ತೆರೆಯುವ ಶಾಲೆ

ಏಪ್ರಿಲ್ ಎರಡನೆಯ ವಾರಕ್ಕೆ ಮೈಸೂರಿನ ಶಾಲೆಗಳಿಗೆ ಬೀಗ ಬೀಳುತ್ತದೆ. ಅಲ್ಲಿಂದ ಉತ್ತರಕ್ಕೆ 16 ಕಿಲೋಮೀಟರು ದೂರದ ರಂಗನತಿಟ್ಟಿನಲ್ಲಿ ಆಗ ಕಾವೇರಿಯ ನೀರು ಇಳಿದಿರುತ್ತದೆ, ಬಂಡೆಗಳು ಮೈತೋರಿರುತ್ತವೆ, ಅವುಗಳ ಮೇಲೆ ಮೊಸಳೆಗಳು ಬಿಸಿಲಿಗೆ ಬಿದ್ದುಕೊಂಡಿರುತ್ತವೆ. ತಿಟ್ಟುಗಳ ಮರಗಳಲ್ಲಿ ಬಣ್ಣದ ಕೊಕ್ಕರೆಗಳು ಮರಿಗಳಿಗೆ ಮೀನು ತಂದು ಉಣಿಸುತ್ತಿರುತ್ತವೆ. ಜೂನ್‌ನಲ್ಲಿ ಶಾಲೆ ಶುರುವಾಗಿ, ಪರಿಸರ ಅಧ್ಯಯನದ ಪುಸ್ತಕ ಕೈಗೆ ಬಂದು, ಹಕ್ಕಿಗಳ ಪಾಠದ ಸರದಿ ಬರುವಷ್ಟರಲ್ಲಿ ಆ ಮರಿಗಳಲ್ಲಿ ಹೆಚ್ಚಿನವು ರೆಕ್ಕೆ ಬಲಿತು ಹಾರಿ ಹೋಗಿರುತ್ತವೆ.

ಹಕ್ಕಿಗಳ ವೇಳಾಪಟ್ಟಿ ಹೊಂದುವುದು ರಜೆಯ ವೇಳಾಪಟ್ಟಿಗೆ. ಮೈಸೂರಿನಲ್ಲಿ ಮಕ್ಕಳು ನಿಸರ್ಗವನ್ನು ಕಲಿತ ಇತಿಹಾಸ ಬಹುಮಟ್ಟಿಗೆ ಬೇಸಿಗೆಯ ಇತಿಹಾಸವಾಗಿರುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ ಊರಿನ ನೆಲದಲ್ಲೇ ಇದೆ. ಗದ್ದೆಗೆ ನೀರು ಹಾಯಿಸಲು ಕಟ್ಟಿದ ಒಡ್ಡು, ಊರಾಚೆಯ ಜಮೀನಿಗೆಂದು ಕಟ್ಟಿಸಿದ ಕೆರೆ, ಅರಸರ ಖಾಸಗಿ ಪ್ರಾಣಿಸಂಗ್ರಹ ಇವು ಯಾವುವೂ ಮಕ್ಕಳಿಗೆಂದು ಹುಟ್ಟಿದವಲ್ಲ. ಶತಮಾನಗಳ ಅವಧಿಯಲ್ಲಿ ಒಂದೊಂದಾಗಿ ಅವು ಮಕ್ಕಳ ಪಾಲಿಗೆ ಬಂದವು. ಸರ್ಕಾರದ ಸುತ್ತೋಲೆಗಳು ಬಂದದ್ದು ಆಮೇಲೆ.

ರಂಗನತಿಟ್ಟಿನ ಕತೆ ಎಲ್ಲಕ್ಕಿಂತ ಹಳೆಯದು. ರಣಧೀರ ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ನಡುವೆ ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ನೀರು ಹಿಂದಕ್ಕೆ ನಿಂತು ನಡುವೆ ತಿಟ್ಟುಗಳಾದವು. ಬೆಕ್ಕು, ನಾಯಿ, ನರಿಗಳು ದಾಟಿ ಬರಲಾಗದ ಆ ತಿಟ್ಟುಗಳಲ್ಲಿ ಹಕ್ಕಿಗಳು ನೆಲೆಯೂರಿದವು. ಸುಮಾರು ಮುನ್ನೂರು ವರ್ಷಗಳ ಬಳಿಕ, 1939–40ರಲ್ಲಿ, ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಬಂದ ಸಲೀಂ ಅಲಿ ಈ ಜಾಗವನ್ನು ನೋಡಿ, ಇದನ್ನು ಕಾಪಾಡಲೇಬೇಕೆಂದು ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಸಮೀಕ್ಷೆಯ ವರದಿ 1942–43ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂತು. ಇಡೀ ಧಾಮದ ವಿಸ್ತಾರ ಒಂದು ಚದರ ಕಿಲೋಮೀಟರು ಕೂಡ ಇಲ್ಲ. ಆದರೂ 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದೋಣಿಯಲ್ಲಿ ಕೂತ ಮಗುವಿಗೆ ಹಕ್ಕಿಯ ಹೆಸರು ಹೇಳುವುದರ ಜೊತೆಗೆ ಈ ಒಡ್ಡಿನ ಸಂಗತಿಯನ್ನೂ ಹೇಳಬೇಕು. ಮನುಷ್ಯ ಕಟ್ಟಿದ್ದು ಕಾಡುಜೀವಿಗೂ ಆಸರೆಯಾಗಬಲ್ಲದು ಎಂಬುದಕ್ಕೆ ಇಷ್ಟು ಹತ್ತಿರದ ಪುರಾವೆ ಬೇರೆ ಊರಿನ ಮಕ್ಕಳಿಗೆ ಸುಲಭವಾಗಿ ಸಿಗುವುದಿಲ್ಲ.

ಊರಿನ ಒಳಗೆ ಬಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಝೂ. ಚಾಮರಾಜೇಂದ್ರ ಒಡೆಯರು 1892ರಲ್ಲಿ ಬೇಸಿಗೆ ಅರಮನೆಯ ಹತ್ತು ಎಕರೆ ಜಾಗದಲ್ಲಿ ಇದನ್ನು ಶುರುಮಾಡಿದರು. ಎರಡೇ ವರ್ಷಕ್ಕೆ, 1894ರ ಡಿಸೆಂಬರಿನಲ್ಲಿ, ಅವರು ಕಲ್ಕತ್ತೆಯಲ್ಲಿ ತೀರಿಕೊಂಡರು. ಅರಮನೆಯ ಝೂ ಎಂದೇ ಕರೆಸಿಕೊಳ್ಳುತ್ತಿದ್ದ ಅದು ಅವರ ಕಾಲಾನಂತರವೂ ಬೆಳೆಯಿತು. ಹತ್ತು ವರ್ಷಗಳಲ್ಲಿ 45 ಎಕರೆಗೆ ಹರಡಿತು. 1892ರಿಂದ 1924ರವರೆಗೆ ಮೂವತ್ತೆರಡು ವರ್ಷ ಅದರ ಮೇಲ್ವಿಚಾರಣೆ ಎ.ಸಿ. ಹ್ಯೂಸ್ ಅವರದು. ಆ ಕಾಲದಲ್ಲಿ ಪ್ರಾಣಿಗಳಿಗೆ ಕಟ್ಟಿದ ವಿಶಾಲ ಆವರಣಗಳು ನಂತರದ ತಲೆಮಾರುಗಳಿಗೂ ಉಪಯೋಗಕ್ಕೆ ಬಂದವು. ನಾಲ್ವಡಿ ಕೃಷ್ಣರಾಜ ಒಡೆಯರು ಆಳ್ವಿಕೆ ವಹಿಸಿಕೊಂಡ 1902ರಲ್ಲೇ ಇದು ಸಾರ್ವಜನಿಕರಿಗೆ ತೆರೆಯಿತು. 1909ರಲ್ಲಿ ಸ್ಥಾಪಕರ ಹೆಸರು ಬಂತು.

ಆಮೇಲಿನ ಕೈಬದಲಾವಣೆಗಳು ಝೂ ಯಾರಿಗಾಗಿ ಎಂಬ ತಿಳಿವಳಿಕೆ ಬದಲಾದ ಬಗೆಯನ್ನೂ ತೋರಿಸುತ್ತವೆ. 1948ರಲ್ಲಿ ಅದು ಅರಮನೆಯಿಂದ ಸರ್ಕಾರದ ಉದ್ಯಾನ ಇಲಾಖೆಗೆ ಬಂತು: ಅಂದರೆ ಊರಿನವರು ಸುತ್ತಾಡಲು ಬರುವ ತೋಟ. 1972ರಲ್ಲಿ ಅರಣ್ಯ ಇಲಾಖೆಗೆ ಹೋಯಿತು. ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದೂ ಅದೇ ವರ್ಷ. 1979ರಲ್ಲಿ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಕೈಸೇರಿತು. ಝೂ ನೋಡಿಕೊಳ್ಳಲೆಂದೇ ಹುಟ್ಟಿದ ಇಂಥ ಸ್ವಾಯತ್ತ ಸಂಸ್ಥೆ ದೇಶದಲ್ಲಿ ಅದೇ ಮೊದಲು. ಹುಲಿಯನ್ನು ಕಂಡು ಕೂಗಿ, ಕಡಲೆಕಾಯಿ ತಿಂದು ಮನೆಗೆ ಹೋಗುತ್ತಿದ್ದ ಮಗುವಿಗೆ ಝೂ ಒಂದು ತಮಾಷೆಯಾಗಿತ್ತು. ಅದೇ ಮಗು ಬೇಸಿಗೆ ಶಿಬಿರಕ್ಕೆ ಸೇರಿ, ಪ್ರಾಣಿಪಾಲಕರ ಜೊತೆ ನಿಂತು, ಯಾವ ಪ್ರಾಣಿಗೆ ದಿನಕ್ಕೆ ಏನು ಆಹಾರ, ಯಾವುದಕ್ಕೆ ನೆರಳು ಹೆಚ್ಚು ಬೇಕು ಎಂದು ಕೇಳಿ ಬರೆದುಕೊಳ್ಳುವ ಕಾಲ ಬರಲು ಬಹಳ ವರ್ಷ ಹಿಡಿಯಿತು. ಝೂನ ಬೇಸಿಗೆ ಶಿಬಿರ, ಯುವ ಕ್ಲಬ್ಬುಗಳಲ್ಲಿ ಪಳಗಿದ ಮಕ್ಕಳು ಈಗ ಊರಿನಲ್ಲಿ ಸಾಕಷ್ಟಿದ್ದಾರೆ. ಪ್ರಾಣಿ ದತ್ತು ಯೋಜನೆ 2001ರಲ್ಲಿ ಬಂತು. ಹುಟ್ಟುಹಬ್ಬಕ್ಕೆ ಕೇಕಿನ ಬದಲು ಒಂದು ಗಿಳಿಯ ಖರ್ಚು ಕೊಡುವ ಮನೆಗಳೂ ಇವೆ. ಪ್ರಾಣಿಯನ್ನು ಸಾಕಲು ನಿಜವಾಗಿ ಎಷ್ಟು ಖರ್ಚು, ಎಷ್ಟು ದುಡಿಮೆ ಬೇಕು ಎಂದು ಮಗುವಿಗೆ ತಿಳಿಯುವುದು ಇಂಥ ಕೆಲಸದಿಂದಲೇ.

ಕೆರೆಗಳ ಪಾಠ ಇದಕ್ಕಿಂತ ಕಷ್ಟದ್ದು, ಯಾಕೆಂದರೆ ಅದರಲ್ಲಿ ಕಳೆದುಕೊಂಡದ್ದರ ಲೆಕ್ಕವೂ ಇದೆ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನದಲ್ಲಿ ಒಂದು ಕಾಲಕ್ಕೆ ನೀರಿತ್ತು ಎಂದರೆ ಇಂದಿನ ಮಕ್ಕಳು ನಂಬುವುದಿಲ್ಲ. ಹೆಸರಿನಲ್ಲಿ ಮಾತ್ರ ಉಳಿದ ಆ ಕೆರೆಯನ್ನು ಹಳೆಯ ನಕ್ಷೆಯಲ್ಲಿ ಹುಡುಕಿಸುವುದು ಸಮಾಜ ವಿಜ್ಞಾನ ಮೇಷ್ಟ್ರುಗಳು ಮಾಡಬಹುದಾದ ಒಳ್ಳೆಯ ಕೆಲಸ. ಮುಮ್ಮಡಿ ಕೃಷ್ಣರಾಜ ಒಡೆಯರ ಎರಡು ಕೆರೆಗಳು ಉಳಿದಿವೆ. ತಮ್ಮ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ 1828ರಲ್ಲಿ ಕಟ್ಟಿಸಿದ ಲಿಂಗಾಂಬುಧಿ ಒಂದು. 1864ರಲ್ಲಿ ಊರಾಚೆಯ ಸುಮಾರು 4000 ಹೆಕ್ಟೇರ್ ಜಮೀನಿಗೆ ನೀರುಣಿಸಲೆಂದು ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಇನ್ನೊಂದು.

ಕುಕ್ಕರಹಳ್ಳಿಯ ಅದೃಷ್ಟ ಅದರ ನೆರೆಯವರಲ್ಲಿತ್ತು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯ, ಕುವೆಂಪು ಕುಲಪತಿಯಾಗಿದ್ದ 1956–60ರ ಅವಧಿಯಲ್ಲಿ ಈ ಕೆರೆಯ ಪಕ್ಕದಲ್ಲೇ ಮಾನಸಗಂಗೋತ್ರಿಯನ್ನು ಕಟ್ಟಿಕೊಂಡಿತು. ಕುವೆಂಪು ಏರಿಯ ಮೇಲೆ ನಡೆದಾಡಿದ್ದು, ಅಲ್ಲಿ ಕಂಡದ್ದು ಅವರ ಕವಿತೆಗೆ ಬಂದದ್ದು ಕನ್ನಡಿಗರಿಗೆ ಗೊತ್ತಿರುವ ಸಂಗತಿ. ನೀರಾವರಿಯ ಕೆಲಸ ಮುಗಿದು, ಊರು ಸುತ್ತಲೂ ಬೆಳೆದು, ಚರಂಡಿ ನೀರು ನುಗ್ಗಿ ಕೆರೆ ಕೆಟ್ಟುಹೋಗುವ ಸ್ಥಿತಿಯೂ ಬಂದಿತ್ತು. ಬೆಳಗಿನ ನಡಿಗೆಯವರು, ಹಕ್ಕಿ ನೋಡುವವರು, ಅಧ್ಯಾಪಕರು ದನಿಯೆತ್ತಿದ್ದರಿಂದ ಅದು ಉಳಿಯಿತು. ಬೈನಾಕ್ಯುಲರ್ ಹಿಡಿದು ಏರಿಯ ಮೇಲೆ ನಿಲ್ಲುವ ಹವ್ಯಾಸಿಗಳ ಗುಂಪು ಮೈಸೂರಿಗೆ ಹೊಸದಲ್ಲ. ಅವರ ಹಿಂದೆ ಸುಮ್ಮನೆ ನಡೆದೇ ಹೆಜ್ಜಾರ್ಲೆ ಯಾವುದು, ನೀರುಕಾಗೆ ಯಾವುದು, ಹಾವಕ್ಕಿ ಯಾವುದು ಎಂದು ಕಲಿತ ಹುಡುಗ ಹುಡುಗಿಯರು ಎಷ್ಟೋ ಮಂದಿ.

ಪುಸ್ತಕಗಳ ಬಲವೂ ಈ ಊರಿಗಿತ್ತು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಪಶ್ಚಿಮ ಘಟ್ಟ ಸುತ್ತಿದ ಅನುಭವ ‘ಹಸುರು ಹೊನ್ನು’ ಆಯಿತು. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮೇಷ್ಟ್ರು ಮತ್ತು ಮಕ್ಕಳು ಒಟ್ಟಿಗೆ ಕಾಡಿಗೆ ಹೋಗುವುದೇ ಸಾಹಿತ್ಯವಾಗಬಹುದೆಂದು ಕನ್ನಡಕ್ಕೆ ತೋರಿಸಿದ ಪುಸ್ತಕ ಅದು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ ಮಾಸಪತ್ರಿಕೆಗೆ ಮೈಸೂರಿನ ವಿಜ್ಞಾನ ಲೇಖಕ ಜೆ.ಆರ್. ಲಕ್ಷ್ಮಣರಾವ್ ಸಂಪಾದಕರಾಗಿದ್ದರು. ಮಹಾರಾಜ ಕಾಲೇಜಿನಲ್ಲಿ ಓದಿದ ಪೂರ್ಣಚಂದ್ರ ತೇಜಸ್ವಿ ‘ಪರಿಸರದ ಕತೆ’, ‘ಕನ್ನಡ ನಾಡಿನ ಹಕ್ಕಿಗಳು’ ಬರೆದರು. ಹಕ್ಕಿಗೆ ಕನ್ನಡದ ಹೆಸರಿದೆ, ಆ ಹೆಸರಿನಿಂದಲೇ ಅದನ್ನು ಗುರುತಿಸಬಹುದು ಎಂಬ ಧೈರ್ಯ ಈ ಬರವಣಿಗೆಯಿಂದ ಬಂತು. ಕನ್ನಡ ಶಾಲೆಯ ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಸಹಾಯ ಬೇರೆ ಯಾವುದಿತ್ತು?

ಇಷ್ಟೆಲ್ಲ ಊರಿನ ಮಾತಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಬೇಸಿಗೆಯ ಪಾಠಕ್ಕೆ ಯಾರೂ ಶಿಬಿರ ಹಾಕಬೇಕಿರಲಿಲ್ಲ. ಯುಗಾದಿಯ ಹೊತ್ತಿಗೆ ಹೊನ್ನೇರು ಕಟ್ಟುತ್ತಾರೆ. ಎತ್ತುಗಳನ್ನು ತೊಳೆದು, ಸಿಂಗರಿಸಿ, ವರ್ಷದ ಮೊದಲ ಸಾಲು ಹೂಡುವ ದಿನ ಮಕ್ಕಳೆಲ್ಲ ಹೊಲದಲ್ಲೇ. ಆಮೇಲೆ ಮಳೆ ನಕ್ಷತ್ರಗಳ ಎಣಿಕೆ ಶುರು. ಏಪ್ರಿಲ್ ನಡುವಿಗೆ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ, ಕೊನೆಯ ವಾರಕ್ಕೆ ರೋಹಿಣಿ. ಒಂದೊಂದಕ್ಕೂ ಹದಿಮೂರು ಹದಿನಾಲ್ಕು ದಿನ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವ ಗಾದೆ ಇಲ್ಲಿನವರಿಗೆಲ್ಲ ಗೊತ್ತು. ಎಳ್ಳು, ಅಲಸಂದೆ, ಹೆಸರು ಬಿತ್ತುವವರ ಕಣ್ಣು ಆ ಮಳೆಯ ಮೇಲೆ. ಈ ನಾಲ್ಕೂ ಮಳೆಗಳು ಹೆಚ್ಚುಕಡಿಮೆ ಶಾಲೆಯ ಬೇಸಿಗೆ ರಜೆಯೊಳಗೇ ಬೀಳುತ್ತವೆ. ಅಜ್ಜಿ ಮನೆಗೆ ಹೋದ ಮಗು ತಾತನ ಬಾಯಿಂದ ಇದನ್ನು ಕೇಳಿಯೇ ಬರುತ್ತಿತ್ತು. ಆ ಪಾಠ ಯಾವ ಪಟ್ಟಿಯಲ್ಲೂ ಇಲ್ಲದಿದ್ದರೂ ತಲೆಮಾರಿನಿಂದ ತಲೆಮಾರಿಗೆ ಸಾಗಿ ಬಂದಿತ್ತು. ಅಜ್ಜಿ ಮನೆಯ ರಜೆ ಕಡಿಮೆಯಾದಂತೆ ಅದು ಸವೆಯುತ್ತಿದೆ, ಮತ್ತು ಈ ನಷ್ಟವನ್ನು ಯಾವ ಶಿಬಿರವೂ ತುಂಬಿಕೊಟ್ಟಿಲ್ಲ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಇದೇ ಜಾತಿಯ ಇನ್ನೊಂದು ಶಾಲೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಅಲ್ಲಿ ಊರ ನಡುವಿನ ಹುಣಸೆ ಮರಗಳಲ್ಲಿ, ಮನೆ ಸೂರಿನ ಮೇಲೆ ಚಾಚಿದ ಕೊಂಬೆಗಳಲ್ಲಿ ಗೂಡು ಕಟ್ಟಿ ಬೇಸಿಗೆಯವರೆಗೂ ಮರಿ ಸಾಕುತ್ತವೆ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ 1976ರಲ್ಲಿ ಇದನ್ನು ಹೊರಜಗತ್ತಿನ ಗಮನಕ್ಕೆ ತಂದರು. ಊರವರಿಗೆ ಅದರಲ್ಲಿ ಹೊಸದೇನಿರಲಿಲ್ಲ. ಹೆರಿಗೆಗೆಂದು ತವರಿಗೆ ಬಂದ ಮಗಳನ್ನು ಓಡಿಸುವುದುಂಟೇ ಎಂಬುದು ಅವರ ಮಾತು. ಹಿಕ್ಕೆ ಬೆರೆತ ಮಣ್ಣು ಗದ್ದೆಗೆ ಗೊಬ್ಬರ, ಗೂಡಿರುವ ಮರದ ಹುಣಸೆ ಫಸಲು ನಷ್ಟ: ಎರಡೂ ಅವರ ಲೆಕ್ಕದಲ್ಲಿದ್ದವು. ಆ ನಷ್ಟಕ್ಕೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರು ಹಳ್ಳಿಯವರ ಜೊತೆಗೂಡಿ ಹೆಜ್ಜಾರ್ಲೆ ಬಳಗ ಕಟ್ಟಿದರು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು ಮೀನು ಹಾಕಿ ಸಾಕುವ ಕೆಲಸಕ್ಕೆ ಊರ ಹುಡುಗರೇ ಕೈಹಾಕಿದರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಮೈಸೂರಿನಿಂದ ಬಸ್ಸಿನಲ್ಲಿ ಹೋದ ಶಾಲಾ ಮಕ್ಕಳು ಅಲ್ಲಿ ನೋಡಬೇಕಾದ್ದು ಹಕ್ಕಿಗಳನ್ನು ಮಾತ್ರ ಎಂದುಕೊಂಡರೆ ಅರ್ಧ ಪಾಠ ತಪ್ಪಿಹೋಗುತ್ತದೆ. ಮರದ ಯಜಮಾನರನ್ನು ಮಾತನಾಡಿಸಬೇಕು.

ಸರ್ಕಾರಿ ಪಠ್ಯದ ಕಡೆಯಿಂದ ನಡೆದದ್ದನ್ನು ಚಿಕ್ಕದಾಗಿ ಹೇಳಬಹುದು. 1963ರಲ್ಲಿ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ಹುಟ್ಟಿ, ದಕ್ಷಿಣ ರಾಜ್ಯಗಳ ಶಿಕ್ಷಕರು ಇಲ್ಲಿಗೆ ಬಂದು ತರಬೇತಿ ಪಡೆಯತೊಡಗಿದರು. ಅದೇ ಈಗಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರ್ 22ರಂದು ಶಾಲೆ ಕಾಲೇಜುಗಳಲ್ಲಿ ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದಿತು. ಅದು ಸರಿಯಾಗಿ ಜಾರಿಯಾಗಲಿಲ್ಲವೆಂದು 2003ರಲ್ಲಿ ಮತ್ತೆ ಹೇಳಬೇಕಾಯಿತು. 2001–02ರಿಂದ ರಾಷ್ಟ್ರೀಯ ಹಸಿರು ಪಡೆಯ ಹೆಸರಿನಲ್ಲಿ ಶಾಲೆಗಳಲ್ಲಿ ಇಕೋ ಕ್ಲಬ್ಬುಗಳು ಬಂದವು. ಪರೀಕ್ಷೆಗೆ ಬರೆಯುವ ಪರಿಸರ ಮತ್ತು ಕಣ್ಣಾರೆ ಕಾಣುವ ಪರಿಸರದ ನಡುವಿನ ಅಂತರ ಮಾತ್ರ ಆದೇಶಗಳಿಂದ ತಗ್ಗಲಿಲ್ಲ.

ಆ ಅಂತರ ತಗ್ಗಿಸಲು ಮೈಸೂರಿನಲ್ಲಿ ಎರಡು ಪ್ರಯತ್ನಗಳು ಒಂದೇ ವರ್ಷ, 1995ರಲ್ಲಿ, ಮೊದಲಾದವು. ಎರಡಕ್ಕೂ ಪರಸ್ಪರ ಸಂಬಂಧವಿರಲಿಲ್ಲ.

ಒಂದು ಕಾರಂಜಿ ಕೆರೆಯ ದಡದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ. ದೆಹಲಿಯಲ್ಲಿ 1978ರ ವಿಶ್ವ ಪರಿಸರ ದಿನದಂದು ತೆರೆದ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯದ ಮರಿ ಇದು. ಬಾಗಿಲು ತೆರೆದ ದಿನ 1995ರ ಮೇ 20: ನಟ್ಟನಡು ಬೇಸಿಗೆ ರಜೆ. ದಕ್ಷಿಣ ಭಾರತದ ಗಿಡ, ಪ್ರಾಣಿ, ಕಲ್ಲು, ಕಾಡುಗಳನ್ನು ಮಕ್ಕಳ ಕಣ್ಣೆತ್ತರಕ್ಕೆ ತಂದಿಟ್ಟದ್ದು, ಮುಟ್ಟಿ ನೋಡಬಹುದಾದ ವಸ್ತುಗಳನ್ನು ಕೊಟ್ಟದ್ದು, ರಜೆಯಲ್ಲಿ ನಿಸರ್ಗ ಅಧ್ಯಯನದ ಕಾರ್ಯಕ್ರಮ ನಡೆಸಿದ್ದು, ಶಿಕ್ಷಕರಿಗೆ ಬೇರೆಯಾಗಿ ಕಮ್ಮಟ ಮಾಡಿದ್ದು ಅದರ ಹೆಗ್ಗಳಿಕೆ. ಪಕ್ಕದ ಕಾರಂಜಿ ಕೆರೆ ಝೂಗೆ ಸೇರಿದ್ದರಿಂದ ಒಂದೇ ದಿನದ ನಡಿಗೆಯಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಚಿಟ್ಟೆಯನ್ನೂ ಚಿಟ್ಟೆ ಉದ್ಯಾನದ ಜೀವಂತ ಚಿಟ್ಟೆಯನ್ನೂ ನೋಡಲು ಸಾಧ್ಯವಾಯಿತು. ಕೆರೆಯಂಗಳದ ಪಕ್ಷಿಗೃಹವಂತೂ ಒಳಗೆ ನಡೆದು ಹೋಗುವಷ್ಟು ದೊಡ್ಡದು, 60 ಮೀಟರು ಉದ್ದ, 20 ಮೀಟರು ಎತ್ತರ. 2016ರ ಏಪ್ರಿಲ್ 26ರಂದು ದೆಹಲಿಯ ತಾಯಿ ಸಂಗ್ರಹಾಲಯ ಬೆಂಕಿಗೆ ಆಹುತಿಯಾದಾಗ ದಶಕಗಳ ಸಂಗ್ರಹ ಒಂದೇ ರಾತ್ರಿಯಲ್ಲಿ ಹೋಯಿತು. ಅಂದಿನಿಂದ ಮೈಸೂರಿನಂಥ ಮರಿ ಸಂಗ್ರಹಾಲಯಗಳ ಬೆಲೆ ಇನ್ನೂ ಹೆಚ್ಚಿದೆ.

ಇನ್ನೊಂದು ಪ್ರಯತ್ನಕ್ಕೆ ಕಟ್ಟಡವೇ ಇರಲಿಲ್ಲ. ನಾಗರಹೊಳೆ ಕಾಡಿನಂಚಿನ, ಕಬಿನಿ ಹಿನ್ನೀರಿನ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳು ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವಿತ್ತು. ಆದರೆ ಕಾರ್ಡುಗಳನ್ನು ಬರೆದವರು ಶಿಕ್ಷಕರೇ. ತಮ್ಮ ಊರಿನ ಹಾಡು, ಪ್ರಾಣಿ, ಗಿಡ, ಹಬ್ಬಗಳನ್ನೇ ಅದರಲ್ಲಿ ತುಂಬಿದರು. ಅದಕ್ಕೆ ನಲಿ–ಕಲಿ ಎಂದು ಹೆಸರಾಯಿತು. ತಲೆ ಮೇಲೆ ಕಲಿಕಾ ಚಪ್ಪರ, ಗೋಡೆಯಲ್ಲಿ ಕಲಿಕಾ ಏಣಿ, ಪ್ರಗತಿ ನೋಟ, ಅದರ ಪಕ್ಕದಲ್ಲಿ ಹವಾಮಾನ ನಕ್ಷೆ. ಬೆಳಿಗ್ಗೆ ಬಂದ ಮಗು ಆಕಾಶ ನೋಡಿ ಬಿಸಿಲೋ ಮೋಡವೋ ಮಳೆಯೋ ಎಂದು ಗುರುತು ಹಾಕಬೇಕು. ಆರು ವರ್ಷದ ಮಗು ದಿನವೂ ತಾನೇ ಕಂಡದ್ದನ್ನು ದಾಖಲಿಸುವ ಈ ಸಣ್ಣ ಕೆಲಸ ನಲಿ–ಕಲಿಯ ಎಲ್ಲ ಸಾಧನೆಗಳಲ್ಲಿ ಅತ್ಯಂತ ಮೇಲಿನದು ಎನ್ನಬೇಕು. 2009–10ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು. ಹರಡುವಾಗ ಕಾರ್ಡುಗಳು ಎಲ್ಲ ಜಿಲ್ಲೆಗೂ ಒಂದೇ ಆದವು. ಕಾಡಂಚಿನ ಶಾಲೆಯ ಕಾರ್ಡಿನಲ್ಲಿ ಆ ಕಾಡೇ ಇರಬೇಕಿತ್ತು ಎಂಬುದನ್ನು ಮೊದಲ ಶಿಕ್ಷಕರು ಚೆನ್ನಾಗಿ ಬಲ್ಲವರಾಗಿದ್ದರು.

ರಜೆಯಲ್ಲಿ ಆ ಹವಾಮಾನ ನಕ್ಷೆ ಖಾಲಿ ಉಳಿಯುತ್ತದೆ. ಅದನ್ನು ಮನೆಗೆ ಕೊಟ್ಟು ಕಳಿಸಲು ಖರ್ಚೇನೂ ಇಲ್ಲ. ಒಂದು ಹಳೆಯ ಕ್ಯಾಲೆಂಡರು ಸಾಕು, ಅದರಲ್ಲಿ ಮಳೆ ನಕ್ಷತ್ರಗಳು ಅಚ್ಚಾಗಿಯೇ ಇರುತ್ತವೆ. ಯಾವ ಮಳೆಯಲ್ಲಿ ಎಷ್ಟು ದಿನ ಹನಿ ಬಿತ್ತು, ಯಾವುದು ಕೈಕೊಟ್ಟಿತು ಎಂದು ಮಗು ಗುರುತು ಹಾಕಿ ತಂದರೆ ಜೂನ್‌ನಲ್ಲಿ ಇಡೀ ತರಗತಿಯ ಕ್ಯಾಲೆಂಡರುಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು. ಹೆಬ್ಬಾಳದಲ್ಲಿ ಸುರಿದದ್ದು ನಜರ್‌ಬಾದಿನಲ್ಲಿ ಯಾಕೆ ಬರಲಿಲ್ಲ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ.

ರಂಗಾಯಣದ ಚಿಣ್ಣರ ಮೇಳ, ಝೂನ ಶಿಬಿರ, ಸಂಗ್ರಹಾಲಯದ ಕಾರ್ಯಕ್ರಮ ಎಲ್ಲದರಲ್ಲೂ ಜಾಗ ಸೀಮಿತ. ಸೀಟು ಸಿಗದ ಮನೆಯವರು ಬೇಜಾರುಪಡಬೇಕಿಲ್ಲ. ಇಂತಿಷ್ಟು ಸಾವಿರ ಶುಲ್ಕ ಪಡೆದು, ಮಕ್ಕಳನ್ನು ಕೋಣೆಯೊಳಗೆ ಕೂರಿಸಿ, ಕಾಗದದ ಮರ ಕತ್ತರಿಸಿ ಅಂಟಿಸುವ ಶಿಬಿರಗಳಿಗಿಂತ ಚಾಮುಂಡಿ ಬೆಟ್ಟದ ಮೆಟ್ಟಿಲು ಹೆಚ್ಚು ಕಲಿಸುತ್ತದೆ. ಸಾವಿರ ಮೆಟ್ಟಿಲು ಹತ್ತುವಾಗ ಬುಡದ ಗಿಡ ಯಾವುದು, ನಂದಿಯ ಹತ್ತಿರದ್ದು ಯಾವುದು, ಬೇಸಿಗೆಯಲ್ಲೂ ಎಲೆ ಉಳಿಸಿಕೊಂಡದ್ದು ಯಾವುದು ಎಂದು ಬರೆದುಕೊಂಡು ಹೋದರೆ ಒಂದು ಬೆಳಗಿಗೆ ಸಾಕಷ್ಟು ಕೆಲಸ.

ದೊಡ್ಡ ಮಕ್ಕಳಿಗೆ ಪೂರ್ಣಯ್ಯ ನಾಲೆಯಿದೆ. ಊರಿಗೆ ಕಾವೇರಿ ನೀರು ತರಬೇಕೆಂದು ದಿವಾನ್ ಪೂರ್ಣಯ್ಯನವರು ತೋಡಿಸಿದ ಈ ಕಾಲುವೆ ಆ ಉದ್ದೇಶ ಮುಟ್ಟಲಿಲ್ಲ. ಆದರೂ ಎರಡು ಶತಮಾನದ ಬಳಿಕ ಮಳೆ ನೀರನ್ನು ಕುಕ್ಕರಹಳ್ಳಿ ಕೆರೆಯ ಕಡೆಗೆ ತರುವ ದಾರಿಗಳಲ್ಲಿ ಅದೂ ಒಂದು. ಎಲ್ಲಿ ಅದು ಕಾಲುವೆಯಾಗಿ ಉಳಿದಿದೆ, ಎಲ್ಲಿ ರಸ್ತೆ ಅಡಿ ಸೇರಿದೆ, ಎಲ್ಲಿ ಕಸ ತುಂಬಿ ಕಟ್ಟಿಕೊಂಡಿದೆ ಎಂದು ಹೈಸ್ಕೂಲಿನ ಮಕ್ಕಳು ದೊಡ್ಡವರೊಂದಿಗೆ ನಡೆದು ನಕ್ಷೆ ಬರೆಯಬಹುದು. ನೀರಿಲ್ಲದ ಏಪ್ರಿಲ್ ಈ ಕೆಲಸಕ್ಕೆ ಸರಿಯಾದ ತಿಂಗಳು. ಕೃತ್ತಿಕೆಯಲ್ಲೋ ರೋಹಿಣಿಯಲ್ಲೋ ಮೊದಲ ಜೋರು ಮಳೆ ಬಿದ್ದ ಮರುದಿನ ಅದೇ ನಕ್ಷೆ ಹಿಡಿದು ಮತ್ತೆ ಹೋದರೆ, ಕೆರೆಗೆ ಯಾವ ಮೂಲೆಯಿಂದ ನೀರು ಬರುತ್ತಿದೆ, ಯಾವ ಮೂಲೆಯಿಂದ ಬರಬೇಕಾದದ್ದು ಬರುತ್ತಿಲ್ಲ ಎಂಬುದನ್ನು ಆ ನಕ್ಷೆಯ ಮೇಲೇ ಗುರುತಿಸಿ, ಶಾಲೆ ತೆರೆದ ವಾರ ಮೇಷ್ಟ್ರ ಮೇಜಿನ ಮೇಲೆ ಇಡಬಹುದು.